ವಾಯುಮಾಲಿನ್ಯ: ಹೊಗೆ ಕಣ್ಮರೆಯಾದ ಮೇಲೆ

ಕಾರ್ಖಾನೆಯ ಎತ್ತರದ ಹೊಗೆಕೊಳವೆಯಿಂದ ಹೊರಬೀಳುವ ಹೊಗೆ ಸ್ವಲ್ಪ ದೂರ ಸಾಗಿದ ಬಳಿಕ ತೆಳುವಾಗಿ ಕಣ್ಣಿಗೆ ಕಾಣದಂತಾಗುತ್ತದೆ. ಬಸ್ಸಿನ ಹಿಂದೆ ಎದ್ದ ಕಪ್ಪು ಹೊಗೆಯೂ ಕೆಲವೇ ಕ್ಷಣಗಳಲ್ಲಿ ಗಾಳಿಯಲ್ಲಿ ಕರಗಿಹೋದಂತೆ ತೋರುತ್ತದೆ. ಕಣ್ಣಿಗೆ ಕಾಣದಿರುವುದು ಇಲ್ಲವಾಯಿತೆಂದು ಭಾವಿಸುವುದು ಸಹಜ. ಆದರೆ ಹೊಗೆಯಲ್ಲಿದ್ದ ಗಂಧಕ ಗಂಧಕವಾಗಿಯೇ, ಸೀಸ ಸೀಸವಾಗಿಯೇ ಉಳಿದಿರುತ್ತದೆ. ಅದು ಬೇರೊಂದು ವಸ್ತುವಿನೊಡನೆ ಕೂಡಿ ರೂಪ ಬದಲಿಸಬಹುದು. ಗಾಳಿಯೊಡನೆ ನೂರಾರು ಕಿಲೋಮೀಟರ್ ಸಾಗಬಹುದು. ಆದರೆ ಕೊನೆಗೆ ಎಲ್ಲಿಯಾದರೂ ಇಳಿಯಲೇಬೇಕು. ಅದು ಇಳಿಯುವ ತಾಣ ಮಗುವಿನ ಶ್ವಾಸಕೋಶವಾಗಬಹುದು, ಗೋಧಿಯ ಎಲೆಯಾಗಬಹುದು, ಕೆರೆಯ ನೀರಾಗಬಹುದು ಅಥವಾ ಅಮೃತಶಿಲೆಯ ಗುಮ್ಮಟವಾಗಬಹುದು.

ನಮ್ಮ ದೇಶದ ವಾಯು (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1981 ಈ ಸತ್ಯವನ್ನು ತನ್ನ ವ್ಯಾಖ್ಯೆಯಲ್ಲಿಯೇ ಗುರುತಿಸಿದೆ. ಮನುಷ್ಯರಿಗೆ, ಇತರ ಜೀವಿಗಳಿಗೆ, ಸಸ್ಯಗಳಿಗೆ, ಆಸ್ತಿಗೆ ಅಥವಾ ಪರಿಸರಕ್ಕೆ ಹಾನಿ ಉಂಟುಮಾಡುವಷ್ಟು ಪ್ರಮಾಣದಲ್ಲಿ ವಾತಾವರಣದಲ್ಲಿರುವ ಯಾವುದೇ ಘನ, ದ್ರವ ಅಥವಾ ಅನಿಲ ವಸ್ತುವನ್ನು ಅದು ವಾಯುಮಾಲಿನ್ಯಕಾರಕವೆಂದು ಕರೆಯುತ್ತದೆ. ಹೀಗೆ ಕಾನೂನು ಹಾನಿಗೊಳಗಾಗುವ ಐದು ನೆಲೆಗಳನ್ನು ಹೆಸರಿಸಿದೆ. ಮಾಲಿನ್ಯಕಾರಕಗಳು ಈ ಐದು ನೆಲೆಗಳನ್ನು ತಲುಪುವ ಬಗೆಯನ್ನೂ, ಅಲ್ಲಿ ಅವು ಮಾಡುವ ಹಾನಿಯನ್ನೂ, ಅದನ್ನು ತಡೆಯುವ ಮಾರ್ಗವನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಮಾಲಿನ್ಯಕಾರಕಗಳು ಯಾವುವು?

ಶುಷ್ಕ ಗಾಳಿಯಲ್ಲಿ ಸುಮಾರು ಶೇಕಡ 78ರಷ್ಟು ಸಾರಜನಕ, 21ರಷ್ಟು ಆಮ್ಲಜನಕ, ಉಳಿದ ಅಲ್ಪ ಭಾಗದಲ್ಲಿ ಆರ್ಗಾನ್, ಇಂಗಾಲದ ಡೈಆಕ್ಸೈಡ್ ಮೊದಲಾದ ಅನಿಲಗಳು ಇರುತ್ತವೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್, ಸೌದೆ, ಬೆರಣಿ, ಕಸ - ಇವುಗಳಲ್ಲಿ ಯಾವುದನ್ನು ಸುಟ್ಟರೂ ಗಾಳಿಗೆ ಹೊಸ ವಸ್ತುಗಳು ಸೇರುತ್ತವೆ. ಕಲ್ಲಿದ್ದಲು ಮತ್ತು ಎಣ್ಣೆಯಲ್ಲಿರುವ ಗಂಧಕವು ಉರಿದು ಗಂಧಕದ ಡೈಆಕ್ಸೈಡ್ ಆಗುತ್ತದೆ. ಎಂಜಿನ್ನುಗಳ ಮತ್ತು ಕುಲುಮೆಗಳ ಹೆಚ್ಚಿನ ಶಾಖದಲ್ಲಿ ಗಾಳಿಯ ಸಾರಜನಕವೇ ಆಮ್ಲಜನಕದೊಡನೆ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತವೆ. ಇಂಧನವು ಪೂರ್ಣವಾಗಿ ಉರಿಯದಿದ್ದರೆ ಇಂಗಾಲದ ಮಾನಾಕ್ಸೈಡ್ ಮತ್ತು ಮಸಿ ಉತ್ಪತ್ತಿಯಾಗುತ್ತವೆ. ಇವು ಮೂಲದಿಂದ ನೇರವಾಗಿ ಹೊರಬರುವುದರಿಂದ ಇವುಗಳನ್ನು ಪ್ರಾಥಮಿಕ ಮಾಲಿನ್ಯಕಾರಕಗಳೆಂದು ಕರೆಯುತ್ತಾರೆ.

ಇನ್ನು ಕೆಲವು ಮಾಲಿನ್ಯಕಾರಕಗಳು ಯಾವ ಕೊಳವೆಯಿಂದಲೂ ಹೊರಬರುವುದಿಲ್ಲ, ಗಾಳಿಯಲ್ಲಿಯೇ ಹುಟ್ಟುತ್ತವೆ. ಇವು ದ್ವಿತೀಯಕ ಮಾಲಿನ್ಯಕಾರಕಗಳು. ಸಾರಜನಕದ ಆಕ್ಸೈಡುಗಳೂ, ಪೆಟ್ರೋಲ್ ಮತ್ತು ದ್ರಾವಕಗಳ ಆವಿಯೂ ಬಿಸಿಲಿನಲ್ಲಿ ಪರಸ್ಪರ ವರ್ತಿಸಿದಾಗ ಓಜೋನ್ ಉಂಟಾಗುತ್ತದೆ. ಗಂಧಕದ ಡೈಆಕ್ಸೈಡ್ ಗಾಳಿಯಲ್ಲಿ ಸಲ್ಫೇಟ್ ಕಣಗಳಾಗಿ ಮಾರ್ಪಡುತ್ತದೆ. ಬಹು ಎತ್ತರದ ವಾಯುಮಂಡಲದಲ್ಲಿರುವ ಓಜೋನ್ ಪದರವು ಸೂರ್ಯನ ನೇರಳಾತೀತ ಕಿರಣಗಳನ್ನು ತಡೆದು ಜೀವಿಗಳನ್ನು ಕಾಪಾಡುತ್ತದೆಯೆಂಬುದು ಸರಿ. ಆದರೆ ಅದೇ ಓಜೋನ್ ನೆಲದ ಸಮೀಪದಲ್ಲಿ ಉಂಟಾದಾಗ ಉಸಿರಿಗೂ ಬೆಳೆಗೂ ವಿಷವಾಗುತ್ತದೆ. ಈ ಎರಡನ್ನೂ ಒಂದೆಂದು ತಿಳಿಯಬಾರದು.

ಅನಿಲಗಳಷ್ಟೇ ಮುಖ್ಯವಾದವು ಗಾಳಿಯಲ್ಲಿ ತೇಲುವ ಕಣಗಳು. ಇವುಗಳನ್ನು ಗಾತ್ರದಿಂದ ವಿಂಗಡಿಸುತ್ತಾರೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್ ಇರುತ್ತದೆ. 10 ಮೈಕ್ರಾನಿಗಿಂತ ಕಿರಿದಾದ ಕಣಗಳನ್ನು ಪಿಎಂ 10 ಎಂದೂ, 2.5 ಮೈಕ್ರಾನಿಗಿಂತ ಕಿರಿದಾದವುಗಳನ್ನು ಪಿಎಂ 2.5 ಎಂದೂ ಕರೆಯಲಾಗುತ್ತದೆ. ಕಣ ಸಣ್ಣದಾದಷ್ಟೂ ಅದು ಗಾಳಿಯಲ್ಲಿ ಹೆಚ್ಚು ಕಾಲ ತೇಲುತ್ತದೆ ಮತ್ತು ದೇಹದೊಳಗೆ ಹೆಚ್ಚು ಆಳಕ್ಕೆ ಇಳಿಯುತ್ತದೆ.

ಗಾಳಿಯ ಪಯಣ

ಒಂದೇ ಪ್ರಮಾಣದ ಹೊಗೆ ಎಲ್ಲ ಊರುಗಳಲ್ಲಿಯೂ, ಎಲ್ಲ ಋತುಗಳಲ್ಲಿಯೂ ಒಂದೇ ಬಗೆಯ ಹಾನಿ ಮಾಡುವುದಿಲ್ಲ. ಸಾಮಾನ್ಯವಾಗಿ ನೆಲದ ಸಮೀಪದ ಗಾಳಿ ಬೆಚ್ಚಗಿದ್ದು, ಮೇಲೇರಿದಂತೆ ತಣ್ಣಗಾಗುತ್ತದೆ. ಬೆಚ್ಚನೆಯ ಗಾಳಿ ಮೇಲೇರುವಾಗ ಹೊಗೆಯನ್ನೂ ತನ್ನೊಡನೆ ಒಯ್ಯುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ನೆಲ ಬೇಗ ತಣ್ಣಗಾಗುವುದರಿಂದ ಕೆಳಗೆ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಏರ್ಪಡುತ್ತದೆ. ಇದನ್ನು ಉಷ್ಣತಾ ವಿಪರ್ಯಯವೆಂದು ಕರೆಯುತ್ತಾರೆ. ಆಗ ಮೇಲಿನ ಪದರವು ಪಾತ್ರೆಯ ಮುಚ್ಚಳದಂತೆ ವರ್ತಿಸಿ ಹೊಗೆಯನ್ನು ಕೆಳಗೇ ತಡೆದು ನಿಲ್ಲಿಸುತ್ತದೆ. ದೆಹಲಿಯಲ್ಲಿ ನವೆಂಬರಿನಿಂದ ಜನವರಿಯವರೆಗೆ ಕವಿಯುವ ಹೊಗೆಮಂಜಿಗೆ ಇದು ಮುಖ್ಯ ಕಾರಣ. ವಾಹನ, ಕಾರ್ಖಾನೆ, ರಸ್ತೆಧೂಳು ಮತ್ತು ಸುಟ್ಟ ಕಸದ ಹೊಗೆಯೊಡನೆ, ಸುತ್ತಲಿನ ರಾಜ್ಯಗಳ ಹೊಲಗಳಲ್ಲಿ ಭತ್ತದ ಕೊಯ್ಲಿನ ನಂತರ ಸುಡುವ ಕೂಳೆಯ ಹೊಗೆಯೂ ಅಲ್ಲಿಗೆ ಬಂದು ಸೇರುತ್ತದೆ.

ಕರಾವಳಿಯ ನಗರಗಳಾದ ಮುಂಬಯಿ ಮತ್ತು ಚೆನ್ನೈಗಳಿಗೆ ಸಮುದ್ರದ ಗಾಳಿಯ ರಕ್ಷಣೆ ಇದೆ. ಹಗಲಿನಲ್ಲಿ ಕಡಲಿನಿಂದ ಬೀಸುವ ಗಾಳಿ ನಗರದ ಹೊಗೆಯನ್ನು ಚದರಿಸುತ್ತದೆ. ಆದರೆ ಈ ರಕ್ಷಣೆ ಶಾಶ್ವತವಲ್ಲ. 2022-23ರ ಚಳಿಗಾಲದಲ್ಲಿ ಗಾಳಿಯ ವೇಗ ಕುಗ್ಗಿದಾಗ ಮುಂಬಯಿಯ ವಾಯುಗುಣಮಟ್ಟ ಹಲವು ದಿನಗಳ ಕಾಲ ಬಹಳ ಕೆಟ್ಟಿತ್ತು. ಗಾಳಿ ಹೊಗೆಯನ್ನು ದೂರ ಸಾಗಿಸುತ್ತದೆಯೇ ಹೊರತು ನಾಶಮಾಡುವುದಿಲ್ಲ ಎಂಬುದನ್ನು ಇಂತಹ ದಿನಗಳು ನೆನಪಿಸುತ್ತವೆ.

ಮನುಷ್ಯರ ಆರೋಗ್ಯ

ವಯಸ್ಕ ವ್ಯಕ್ತಿಯೊಬ್ಬನು ದಿನಕ್ಕೆ ಸುಮಾರು 10 ಸಾವಿರ ಲೀಟರಿಗೂ ಹೆಚ್ಚು ಗಾಳಿಯನ್ನು ಉಸಿರಾಡುತ್ತಾನೆ. ಕುಡಿಯುವ ನೀರು ಕಲುಷಿತವಾಗಿದ್ದರೆ ಕುದಿಸಿಯೋ ಸೋಸಿಯೋ ಬಳಸಬಹುದು; ಗಾಳಿಯ ವಿಷಯದಲ್ಲಿ ಅಂತಹ ಆಯ್ಕೆ ಬಹುಮಟ್ಟಿಗೆ ಇಲ್ಲ. ಮೂಗಿನ ಕೂದಲು ಮತ್ತು ಶ್ವಾಸನಾಳದ ಲೋಳೆ ದೊಡ್ಡ ಧೂಳಿನ ಕಣಗಳನ್ನು ತಡೆಯುತ್ತವೆ. ಆದರೆ ಪಿಎಂ 2.5 ಕಣಗಳು ಈ ಕಾವಲನ್ನು ದಾಟಿ ಶ್ವಾಸಕೋಶದ ಕೊನೆಯ ಗಾಳಿಗೂಡುಗಳನ್ನು ತಲುಪುತ್ತವೆ. ಅವುಗಳಲ್ಲಿಯೂ ಅತ್ಯಂತ ಸೂಕ್ಷ್ಮವಾದವು ರಕ್ತವನ್ನು ಪ್ರವೇಶಿಸುತ್ತವೆ. ಹೀಗಾಗಿ ವಾಯುಮಾಲಿನ್ಯವು ಕೇವಲ ಕೆಮ್ಮು, ಉಬ್ಬಸಗಳಿಗೆ ಸೀಮಿತವಾದುದಲ್ಲ. ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರ್ ಮತ್ತು ನವಜಾತ ಶಿಶುಗಳ ಕಡಿಮೆ ತೂಕ - ಇವುಗಳಿಗೂ ಅದಕ್ಕೂ ಸಂಬಂಧವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2013ರಲ್ಲಿ ಹೊರಾಂಗಣದ ವಾಯುಮಾಲಿನ್ಯವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಕಾರಣಗಳ ಪಟ್ಟಿಗೆ ಸೇರಿಸಿತು.

ಅನಿಲಗಳು ಬೇರೆ ಬೇರೆ ರೀತಿಯಲ್ಲಿ ಹಾನಿಮಾಡುತ್ತವೆ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿನೊಡನೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಕೂಡಿಕೊಳ್ಳುತ್ತದೆ. ಪರಿಣಾಮವಾಗಿ ರಕ್ತವು ಆಮ್ಲಜನಕವನ್ನು ಹೊತ್ತೊಯ್ಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಚಳಿಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ನಿದ್ರೆಯಲ್ಲಿಯೇ ಸಾವಿಗೀಡಾಗುವುದು ಈ ಕಾರಣದಿಂದ. ಗಂಧಕದ ಡೈಆಕ್ಸೈಡ್, ಸಾರಜನಕದ ಡೈಆಕ್ಸೈಡ್ ಮತ್ತು ಓಜೋನ್ ಶ್ವಾಸನಾಳದ ಒಳಪೊರೆಯನ್ನು ಕೆರಳಿಸಿ, ಉಬ್ಬಸದ ರೋಗಿಗಳ ಸ್ಥಿತಿಯನ್ನು ಉಲ್ಬಣಗೊಳಿಸುತ್ತವೆ.

ವಾಯುಮಾಲಿನ್ಯವು ಎಷ್ಟು ಶೀಘ್ರವಾಗಿ ಕೊಲ್ಲಬಲ್ಲುದು ಎಂಬುದನ್ನು ಜಗತ್ತು 1952ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಕಂಡಿತು. ಡಿಸೆಂಬರ್ 5ರಿಂದ 9ರವರೆಗೆ ಉಷ್ಣತಾ ವಿಪರ್ಯಯದಿಂದಾಗಿ ಕಲ್ಲಿದ್ದಲಿನ ಹೊಗೆ ಮಂಜಿನೊಡನೆ ಬೆರೆತು ನಗರವನ್ನು ಮುಚ್ಚಿತು. ಪ್ರದರ್ಶನಕ್ಕಾಗಿ ನಗರಕ್ಕೆ ತಂದಿದ್ದ ಜಾನುವಾರುಗಳಲ್ಲಿ ಕೆಲವು ಉಸಿರುಕಟ್ಟಿ ಸತ್ತವು. ಸುಮಾರು 4,000 ಜನರು ಮೃತಪಟ್ಟರೆಂದು ಆಗ ಅಂದಾಜು ಮಾಡಲಾಗಿತ್ತು. ನಂತರದ ವಾರಗಳ ಮರಣಗಳನ್ನೂ ಗಣನೆಗೆ ತೆಗೆದುಕೊಂಡ ಮುಂದಿನ ಅಧ್ಯಯನಗಳು ಆ ಸಂಖ್ಯೆಯನ್ನು ಸುಮಾರು 12,000 ಎಂದು ಹೇಳಿದವು. ಈ ದುರಂತದ ಫಲವಾಗಿ ಬ್ರಿಟನ್ನಿನಲ್ಲಿ 1956ರಲ್ಲಿ ಶುದ್ಧ ವಾಯು ಕಾಯಿದೆ ಜಾರಿಗೆ ಬಂದಿತು.

ಆದರೆ ಇಂತಹ ದುರಂತಗಳಿಗಿಂತ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಳ್ಳುವುದು ದಿನನಿತ್ಯದ ಮಾಲಿನ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, 2019ರಲ್ಲಿ ದೇಶದ ಸುಮಾರು 16.7 ಲಕ್ಷ ಮರಣಗಳಿಗೆ ವಾಯುಮಾಲಿನ್ಯವು ಕಾರಣವಾಗಿತ್ತೆಂದು ಅಂದಾಜು ಮಾಡಿದೆ. ಇದು ಆ ವರ್ಷದ ಒಟ್ಟು ಮರಣಗಳಲ್ಲಿ ಸುಮಾರು ಶೇಕಡ 18ರಷ್ಟು. ಇವರಲ್ಲಿ ಬೀದಿಯ ಹೊಗೆಯಿಂದ ಬಳಲಿದವರಲ್ಲದೆ, ಅಡುಗೆಮನೆಯ ಹೊಗೆಗೆ ಗುರಿಯಾದವರೂ ಇದ್ದಾರೆ. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಸೌದೆ, ಬೆರಣಿ ಉರಿಸುವ ಒಲೆಯ ಮುಂದೆ ಕುಳಿತ ಮಹಿಳೆ ಮತ್ತು ಅವಳ ಮಡಿಲಿನ ಮಗು ಪೇಟೆಯ ಜನನಿಬಿಡ ರಸ್ತೆಗಿಂತಲೂ ಹೆಚ್ಚಿನ ಹೊಗೆಯನ್ನು ಸೇವಿಸುವುದುಂಟು.

ಮಕ್ಕಳು ಹೆಚ್ಚು ಅಪಾಯಕ್ಕೆ ಒಳಗಾಗುತ್ತಾರೆ. ಅವರ ಶ್ವಾಸಕೋಶಗಳು ಇನ್ನೂ ಬೆಳೆಯುತ್ತಿರುತ್ತವೆ. ದೇಹದ ತೂಕಕ್ಕೆ ಹೋಲಿಸಿದರೆ ಅವರು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತಾರೆ. ಎತ್ತರದಲ್ಲಿಯೂ ಅವರು ವಾಹನಗಳ ಹೊಗೆಕೊಳವೆಗೆ ಹತ್ತಿರವಾಗಿರುತ್ತಾರೆ.

ಸಸ್ಯಗಳು ಮತ್ತು ಬೆಳೆ

ಎಲೆಯೂ ಉಸಿರಾಡುತ್ತದೆ. ಎಲೆಯ ಮೇಲಿರುವ ಸೂಕ್ಷ್ಮ ಪತ್ರರಂಧ್ರಗಳ ಮೂಲಕ ಇಂಗಾಲದ ಡೈಆಕ್ಸೈಡ್ ಒಳಸೇರಿ, ಬಿಸಿಲಿನ ಸಹಾಯದಿಂದ ಆಹಾರವಾಗಿ ಪರಿವರ್ತಿತವಾಗುತ್ತದೆ. ಧೂಳು ಎಲೆಯನ್ನು ಮುಚ್ಚಿದರೆ ಬೆಳಕು ಸರಿಯಾಗಿ ತಲುಪುವುದಿಲ್ಲ, ಪತ್ರರಂಧ್ರಗಳು ಕಟ್ಟಿಕೊಳ್ಳುತ್ತವೆ. ಬಳ್ಳಾರಿ, ಸಂಡೂರು, ಹೊಸಪೇಟೆಗಳ ಸುತ್ತಮುತ್ತ ಕಬ್ಬಿಣದ ಅದಿರಿನ ಗಣಿಗಾರಿಕೆ ಮಿತಿಮೀರಿದ್ದ ವರ್ಷಗಳಲ್ಲಿ ರಸ್ತೆಬದಿಯ ಗಿಡಮರಗಳೂ ಹೊಲದ ಬೆಳೆಗಳೂ ಕೆಂಧೂಳಿನಿಂದ ಮುಚ್ಚಿಹೋಗಿದ್ದುದನ್ನು ಆ ದಾರಿಯಲ್ಲಿ ಪ್ರಯಾಣಿಸಿದವರು ಕಂಡಿದ್ದಾರೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಲಿನ ಗಣಿಗಾರಿಕೆಯನ್ನು ತಡೆಹಿಡಿಯಲು ಪರಿಸರಕ್ಕಾದ ಹಾನಿಯೂ ಒಂದು ಕಾರಣವಾಗಿತ್ತು.

ಧೂಳು ಕಣ್ಣಿಗೆ ಕಾಣುತ್ತದೆ, ಓಜೋನ್ ಕಾಣುವುದಿಲ್ಲ. ಅದು ಪತ್ರರಂಧ್ರಗಳ ಮೂಲಕವೇ ಒಳನುಗ್ಗಿ ಎಲೆಯ ಜೀವಕೋಶಗಳನ್ನು ಕೆಡಿಸುತ್ತದೆ. ಎಲೆಗಳು ಅಕಾಲದಲ್ಲಿ ಹಣ್ಣಾಗುತ್ತವೆ, ಕಾಳು ಜೊಳ್ಳಾಗುತ್ತದೆ. ನಗರದ ಹೊಗೆ ಗಾಳಿಯೊಡನೆ ಸಾಗುತ್ತಾ ಬಿಸಿಲಿನಲ್ಲಿ ಓಜೋನ್ ಆಗಿ ಮಾರ್ಪಡಲು ಕೆಲವು ಗಂಟೆಗಳು ಬೇಕಾಗುವುದರಿಂದ, ಎಷ್ಟೋ ಬಾರಿ ನಗರದ ನಡುವೆ ಇರುವುದಕ್ಕಿಂತ ಹೆಚ್ಚಿನ ಓಜೋನ್ ಹೊರವಲಯದ ಹಳ್ಳಿಗಳಲ್ಲಿ ಕಂಡುಬರುತ್ತದೆ. ನಗರದ ವಾಹನಗಳ ಹೊಗೆಗೆ ರೈತನ ಹೊಲ ಬೆಲೆ ತೆರುವುದು ಹೀಗೆ. ಪುಣೆಯಲ್ಲಿರುವ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಅವರ ಸಹೋದ್ಯೋಗಿಗಳೂ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2005ನೆಯ ವರ್ಷವೊಂದರಲ್ಲಿಯೇ ಓಜೋನಿನಿಂದಾಗಿ ದೇಶವು ಸುಮಾರು 35 ಲಕ್ಷ ಟನ್ ಗೋಧಿಯನ್ನೂ 21 ಲಕ್ಷ ಟನ್ ಅಕ್ಕಿಯನ್ನೂ ಕಳೆದುಕೊಂಡಿತು. ಈ ಧಾನ್ಯವು ಸುಮಾರು 9.4 ಕೋಟಿ ಬಡಜನರಿಗೆ ಆಹಾರವಾಗಬಹುದಿತ್ತೆಂದು ಆ ವಿಜ್ಞಾನಿಗಳು ಲೆಕ್ಕಹಾಕಿದರು.

ಇತರ ಜೀವಿಗಳು, ನೀರು ಮತ್ತು ಮಣ್ಣು

ಗಂಧಕದ ಮತ್ತು ಸಾರಜನಕದ ಆಕ್ಸೈಡುಗಳು ಮೋಡದ ನೀರಿನೊಡನೆ ಸೇರಿ ಸಲ್ಫ್ಯೂರಿಕ್ ಮತ್ತು ನೈಟ್ರಿಕ್ ಆಮ್ಲಗಳಾಗಿ ಮಳೆಯೊಡನೆ ನೆಲಕ್ಕಿಳಿಯುತ್ತವೆ. ಇದೇ ಆಮ್ಲಮಳೆ. ಬ್ರಿಟನ್ ಮತ್ತು ಮಧ್ಯ ಯೂರೋಪಿನ ಕಾರ್ಖಾನೆಗಳ ಹೊಗೆ ಸಾವಿರ ಕಿಲೋಮೀಟರ್ ದೂರದ ಸ್ವೀಡನ್, ನಾರ್ವೆಗಳಲ್ಲಿ ಆಮ್ಲಮಳೆಯಾಗಿ ಸುರಿಯುತ್ತಿದ್ದುದು 1960ರ ದಶಕದಲ್ಲಿ ಬೆಳಕಿಗೆ ಬಂದಿತು. ಅಲ್ಲಿನ ಸಾವಿರಾರು ಸರೋವರಗಳ ನೀರು ತಿಳಿಯಾಗಿ, ನೋಡಲು ಸುಂದರವಾಗಿತ್ತು. ಆದರೆ ಮೀನುಗಳು ಇಲ್ಲವಾಗಿದ್ದವು. ಆಮ್ಲವು ಮಣ್ಣಿನಲ್ಲಿದ್ದ ಅಲ್ಯೂಮಿನಿಯಂ ಅನ್ನು ಕರಗಿಸಿ ಸರೋವರಕ್ಕೆ ಸೇರಿಸಿದಾಗ ಅದು ಮೀನುಗಳ ಕಿವಿರುಗಳನ್ನು ಕೆಡಿಸಿತ್ತು. ಈ ಅನುಭವದಿಂದಾಗಿ 1979ರಲ್ಲಿ ಜಿನೀವಾದಲ್ಲಿ ಗಡಿಯಾಚೆಗಿನ ವಾಯುಮಾಲಿನ್ಯದ ಬಗ್ಗೆ ಒಪ್ಪಂದವೇರ್ಪಟ್ಟಿತು. ಗಂಧಕದ ಹೊಗೆ ಅಲ್ಲಿ ಗಣನೀಯವಾಗಿ ಇಳಿಯಿತು. ಆದರೂ ಮಣ್ಣು ಮತ್ತು ನೀರು ಚೇತರಿಸಿಕೊಳ್ಳಲು ದಶಕಗಳೇ ಹಿಡಿದಿವೆ. ಸ್ವೀಡನ್ನಿನಲ್ಲಿ ಸರೋವರಗಳಿಗೆ ಸುಣ್ಣದ ಪುಡಿ ಸುರಿದು ಆಮ್ಲೀಯತೆಯನ್ನು ತಗ್ಗಿಸಬೇಕಾಯಿತು.

ಭಾರತದ ಬಹುಭಾಗದಲ್ಲಿ ಗಾಳಿಯಲ್ಲಿ ತೇಲುವ ಮಣ್ಣಿನ ಧೂಳಿನಲ್ಲಿರುವ ಕ್ಯಾಲ್ಸಿಯಂ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಆದುದರಿಂದ ಯೂರೋಪಿನಷ್ಟು ತೀವ್ರವಾದ ಆಮ್ಲಮಳೆ ಇಲ್ಲಿ ಕಂಡುಬಂದಿಲ್ಲ. ಇದು ನಿಸರ್ಗವು ಸದ್ಯಕ್ಕೆ ಒದಗಿಸಿರುವ ರಕ್ಷಣೆಯಷ್ಟೇ. ಹೊಗೆ ಉಗುಳಲು ದೊರೆತ ಪರವಾನಗಿಯಲ್ಲ.

ಗಾಳಿಯಿಂದ ಇಳಿಯುವ ಸಾರಜನಕವು ಇನ್ನೊಂದು ಬಗೆಯ ಹಾನಿ ಮಾಡುತ್ತದೆ. ಅದು ಬೇಡದ ಕಡೆ ಹಾಕಿದ ಗೊಬ್ಬರದಂತೆ. ಬಡ ಮಣ್ಣಿಗೆ ಹೊಂದಿಕೊಂಡು ಬೆಳೆಯುತ್ತಿದ್ದ ಅನೇಕ ಸಸ್ಯಗಳನ್ನು ಹಿಂದಿಕ್ಕಿ, ಹೆಚ್ಚು ಸಾರಜನಕವನ್ನು ಬಯಸುವ ಕೆಲವೇ ಹುಲ್ಲುಗಳು ಹಬ್ಬುತ್ತವೆ. ಕೆರೆಗಳಲ್ಲಿ ಪಾಚಿ ಬೆಳೆದು ನೀರಿನ ಆಮ್ಲಜನಕ ಕುಗ್ಗುತ್ತದೆ. ಒಂದು ಸಸ್ಯ ಮರೆಯಾದಾಗ ಅದನ್ನು ಅವಲಂಬಿಸಿದ ಕೀಟವೂ, ಆ ಕೀಟವನ್ನು ತಿನ್ನುವ ಹಕ್ಕಿಯೂ ನೆಲೆ ಕಳೆದುಕೊಳ್ಳುತ್ತವೆ. ಜೀವಿಪರಿಸರಕ್ಕಾಗುವ ಹಾನಿ ಸರಪಣಿಯಂತೆ ಮುಂದುವರಿಯುತ್ತದೆ.

ಗಾಳಿಯ ಗುಣವನ್ನು ಉಪಕರಣಗಳಿಲ್ಲದೆಯೇ ತಿಳಿಸಬಲ್ಲ ಜೀವಿಯೊಂದಿದೆ. ಅದೇ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿ ಎಲ್ಲರಿಗೂ ಪರಿಚಿತವಾದ ಕಲ್ಲುಹೂವು. ಬಂಡೆಗಳ ಮೇಲೆ, ಮರದ ತೊಗಟೆಯ ಮೇಲೆ ಬೆಳೆಯುವ ಇದು ಒಂದೇ ಜೀವಿಯಲ್ಲ. ಶಿಲೀಂಧ್ರ ಮತ್ತು ಪಾಚಿಗಳು ಕೂಡಿ ನಡೆಸುವ ಸಹಜೀವನ. ಇದಕ್ಕೆ ಬೇರಿಲ್ಲ, ನೀರನ್ನೂ ಪೋಷಕಾಂಶಗಳನ್ನೂ ಬಹುಮಟ್ಟಿಗೆ ಗಾಳಿ ಮತ್ತು ಮಳೆಯಿಂದಲೇ ಹೀರಿಕೊಳ್ಳುತ್ತದೆ. ಗಾಳಿಯಲ್ಲಿ ವಿಷವಿದ್ದರೆ ಅದನ್ನೂ ಹೀರಿಕೊಳ್ಳುತ್ತದೆ. ಗಂಧಕದ ಡೈಆಕ್ಸೈಡ್ ಹೆಚ್ಚಿರುವ ಕಡೆ ಇದರ ಅನೇಕ ಪ್ರಭೇದಗಳು ಬದುಕುವುದಿಲ್ಲ. ನಗರದ ಗಾಳಿಗೂ ಕಲ್ಲುಹೂವುಗಳ ಇರವಿಗೂ ಇರುವ ಸಂಬಂಧವನ್ನು ಫಿನ್‌ಲೆಂಡಿನ ಸಸ್ಯವಿಜ್ಞಾನಿ ವಿಲಿಯಂ ನೈಲಾಂಡರ್ 1866ರಲ್ಲಿಯೇ ಪ್ಯಾರಿಸ್ಸಿನ ಉದ್ಯಾನವೊಂದನ್ನು ಪರಿಶೀಲಿಸಿ ತಿಳಿಸಿದ್ದನು.

ತಮಿಳುನಾಡಿನ ಕೊಡೈಕನಾಲಿನ ಥರ್ಮಾಮೀಟರ್ ಕಾರ್ಖಾನೆಯೊಂದು ಪಾದರಸದ ಮಾಲಿನ್ಯದ ದೂರುಗಳಿಂದಾಗಿ 2001ರಲ್ಲಿ ಮುಚ್ಚಿತು. ಆ ಪ್ರದೇಶದ ಕಲ್ಲುಹೂವು ಮತ್ತು ಹಾವಸೆಗಳನ್ನು ಹೈದರಾಬಾದಿನಲ್ಲಿರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅವುಗಳಲ್ಲಿ ಹೆಚ್ಚಿನ ಪ್ರಮಾಣದ ಪಾದರಸವಿರುವುದು ಖಚಿತವಾಯಿತು. ಕಾರ್ಖಾನೆಯಿಂದ ಆವಿಯಾಗಿ ಹೊರಟ ಪಾದರಸ ಗಾಳಿಯಲ್ಲಿ ಕಾಣೆಯಾಗಿರಲಿಲ್ಲ. ಬೆಟ್ಟದ ಗಿಡಮರಗಳ ಮೇಲೆ ಇಳಿದಿತ್ತು. ಇಂತಹ ಪಾದರಸವು ನೀರನ್ನು ಸೇರಿದರೆ ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಇನ್ನೂ ಘೋರವಾದ ವಿಷವಾಗಿ ಮಾರ್ಪಟ್ಟು, ಮೀನಿನ ಮೂಲಕ ಮನುಷ್ಯನ ಊಟದ ತಟ್ಟೆಗೆ ಮರಳುತ್ತದೆ.

ಆಸ್ತಿ ಮತ್ತು ಸ್ಮಾರಕಗಳು

ಆಗ್ರಾದ ತಾಜಮಹಲನ್ನು ಕಟ್ಟಿರುವ ಅಮೃತಶಿಲೆ ರಾಸಾಯನಿಕವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಗಂಧಕದ ಡೈಆಕ್ಸೈಡಿನಿಂದ ಉಂಟಾದ ಆಮ್ಲವು ಅದರ ಮೇಲ್ಮೈಯನ್ನು ಜಿಪ್ಸಮ್ಮಾಗಿ ಪರಿವರ್ತಿಸುತ್ತದೆ. ಜಿಪ್ಸಂ ಮೆದುವಾದುದು, ಮಳೆಗೆ ಸವೆಯುತ್ತದೆ, ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ಅಪಾಯವನ್ನು ಪರಿಗಣಿಸಿ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 30ರಂದು ಮಹತ್ವದ ತೀರ್ಪು ನೀಡಿತು. ಆ ಪ್ರದೇಶದ 292 ಕೈಗಾರಿಕೆಗಳು ಕಲ್ಲಿದ್ದಲಿನ ಬದಲು ನೈಸರ್ಗಿಕ ಅನಿಲವನ್ನು ಬಳಸಬೇಕು, ಇಲ್ಲವೇ ಬೇರೆಡೆಗೆ ಸ್ಥಳಾಂತರಗೊಳ್ಳಬೇಕು ಎಂದು ಆದೇಶಿಸಿತು. ಸ್ಥಳಾಂತರದಿಂದ ತೊಂದರೆಗೊಳಗಾಗುವ ಕಾರ್ಮಿಕರ ಹಕ್ಕುಗಳನ್ನೂ ಅದು ರಕ್ಷಿಸಿತು. ಆದರೂ ಸಮಸ್ಯೆ ಪೂರ್ಣವಾಗಿ ಬಗೆಹರಿದಿಲ್ಲ. ಸ್ಮಾರಕದ ಮೇಲ್ಮೈ ಕಂದುಬಣ್ಣಕ್ಕೆ ತಿರುಗುತ್ತಿರುವುದಕ್ಕೆ ಧೂಳು ಹಾಗೂ ಕಸ, ಸೌದೆ ಮತ್ತು ಇಂಧನಗಳನ್ನು ಸುಡುವುದರಿಂದ ಹುಟ್ಟುವ ಇಂಗಾಲದ ಕಣಗಳು ಕಾರಣವೆಂದು 2014ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿದೆ.

ಪರಿಸರ: ಮೋಡ, ಹಿಮ ಮತ್ತು ಹವಾಮಾನ

1999ರಲ್ಲಿ ನಡೆದ ಹಿಂದೂ ಮಹಾಸಾಗರ ಪ್ರಯೋಗದಲ್ಲಿ ಅನೇಕ ದೇಶಗಳ ವಿಜ್ಞಾನಿಗಳು ಸಮುದ್ರದ ಮೇಲೆ ಬಹು ವಿಸ್ತಾರವಾಗಿ ಹರಡಿದ್ದ ಕಂದುಬಣ್ಣದ ಮಬ್ಬನ್ನು ಪರಿಶೀಲಿಸಿದರು. ಈ ಪ್ರಯೋಗದ ಮುಂದಾಳುಗಳಲ್ಲಿ ಒಬ್ಬರಾದ ವೀರಭದ್ರನ್ ರಾಮನಾಥನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದವರು. ದಕ್ಷಿಣ ಏಷ್ಯಾದ ನಗರ ಹಾಗೂ ಹಳ್ಳಿಗಳ ಹೊಗೆ ಚಳಿಗಾಲದ ಗಾಳಿಯೊಡನೆ ಸಾಗರದ ಮೇಲೆ ಹಬ್ಬಿ, ನೀರಿನ ಮೇಲ್ಮೈಯನ್ನು ತಲುಪುವ ಬಿಸಿಲನ್ನು ಕಡಿಮೆ ಮಾಡುತ್ತಿರುವುದು ಆಗ ಸ್ಪಷ್ಟವಾಯಿತು. ಇದೇ ಮಸಿ ಹಿಮಾಲಯದ ಹಿಮದ ಮೇಲೆ ಬಿದ್ದಾಗ ಬಿಳಿಯ ಹಿಮದ ಹೊಳಪು ಕುಂದಿ, ಅದು ಹೆಚ್ಚು ಶಾಖವನ್ನು ಹೀರಿ ಬೇಗ ಕರಗುತ್ತದೆ. ಗಂಗೆ, ಯಮುನೆಗಳ ನೀರಿನ ಒಂದು ಪಾಲು ಈ ಹಿಮದಿಂದಲೇ ಬರುತ್ತದೆಂಬುದನ್ನು ಮರೆಯುವಂತಿಲ್ಲ.

ಇಂಗಾಲದ ಡೈಆಕ್ಸೈಡ್ ಒಮ್ಮೆ ಗಾಳಿಗೆ ಸೇರಿದರೆ ಅದರ ಪ್ರಭಾವ ಶತಮಾನಗಳ ಕಾಲ ಉಳಿಯುತ್ತದೆ. ಆದರೆ ಮಸಿ ಕೆಲವು ದಿನಗಳಲ್ಲಿ ಅಥವಾ ವಾರಗಳಲ್ಲಿ ನೆಲಕ್ಕಿಳಿಯುತ್ತದೆ. ಆದುದರಿಂದ ಮಸಿಯ ಹೊಗೆಯನ್ನು ಇಂದು ನಿಲ್ಲಿಸಿದರೆ ಅದರ ಫಲವನ್ನು ಇದೇ ತಲೆಮಾರು ಕಾಣಬಹುದು.

ಮೂಲದಲ್ಲಿಯೇ ತಡೆ

ಒಮ್ಮೆ ಗಾಳಿಗೆ ಸೇರಿದ ಮಾಲಿನ್ಯಕಾರಕವನ್ನು ಹಿಂದಕ್ಕೆ ಪಡೆಯುವ ಉಪಾಯವಿಲ್ಲ. ಅದನ್ನು ಹುಟ್ಟುವ ತಾಣದಲ್ಲಿಯೇ ತಡೆಯುವುದೊಂದೇ ನಂಬಬಹುದಾದ ಮಾರ್ಗ. ಇದಕ್ಕೆ ದೇಶದ ಅನುಭವದಲ್ಲಿಯೇ ನಿದರ್ಶನಗಳಿವೆ.

ಮೊದಲನೆಯದು ಸೀಸ. ಎಂಜಿನ್ ಸುಗಮವಾಗಿ ನಡೆಯಲೆಂದು ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸಲಾಗುತ್ತಿತ್ತು. ವಾಹನಗಳ ಹೊಗೆಯೊಡನೆ ಹೊರಬಂದ ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಇದಕ್ಕೆ ಸುರಕ್ಷಿತ ಮಿತಿಯೆಂಬುದೇ ಇಲ್ಲ. 1995ರಲ್ಲಿ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈಗಳಲ್ಲಿ ಸೀಸರಹಿತ ಪೆಟ್ರೋಲಿನ ಮಾರಾಟ ಆರಂಭವಾಗಿ, 2000ದ ಫೆಬ್ರವರಿಯಿಂದ ಇಡೀ ದೇಶದಲ್ಲಿ ಸೀಸಯುಕ್ತ ಪೆಟ್ರೋಲ್ ನಿಂತುಹೋಯಿತು. ಎರಡನೆಯದು ದೆಹಲಿಯ ಬಸ್ಸುಗಳು. ಸರ್ವೋಚ್ಚ ನ್ಯಾಯಾಲಯವು 1998ರ ಜುಲೈನಲ್ಲಿ ನೀಡಿದ ಆದೇಶದಂತೆ, 2002ರ ಅಂತ್ಯದ ವೇಳೆಗೆ ಅಲ್ಲಿನ ಬಸ್ಸುಗಳೆಲ್ಲ ಡೀಸೆಲಿನಿಂದ ಸಂಕುಚಿತ ನೈಸರ್ಗಿಕ ಅನಿಲಕ್ಕೆ ಬದಲಾದವು. ಮೂರನೆಯದು ಇಂಧನದಲ್ಲಿರುವ ಗಂಧಕ. 2020ರ ಏಪ್ರಿಲಿನಲ್ಲಿ ಜಾರಿಗೆ ಬಂದ ಭಾರತ್ ಹಂತ-6ರ ಮಾನದಂಡದಿಂದ ಪೆಟ್ರೋಲ್ ಮತ್ತು ಡೀಸೆಲಿನಲ್ಲಿರುವ ಗಂಧಕದ ಮಿತಿ ಹತ್ತು ಲಕ್ಷ ಭಾಗಗಳಲ್ಲಿ 50ರಿಂದ 10ಕ್ಕೆ ಇಳಿಯಿತು.

ಮನೆಯ ಒಲೆಯ ವಿಷಯದಲ್ಲಿಯೂ ಪ್ರಯತ್ನಗಳು ನಡೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ಕಡಿಮೆ ಸೌದೆಯಲ್ಲಿ ಅಡುಗೆ ಮಾಡಿ, ಹೊಗೆಯನ್ನು ಕೊಳವೆಯ ಮೂಲಕ ಮನೆಯ ಹೊರಗೆ ಸಾಗಿಸಿತು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡ ಕುಟುಂಬಗಳ ಮಹಿಳೆಯರಿಗೆ ಅಡುಗೆ ಅನಿಲದ ಸಂಪರ್ಕ ದೊರೆಯಿತು. ಆದರೆ ಸಂಪರ್ಕ ದೊರೆತ ಮಾತ್ರಕ್ಕೆ ಹೊಗೆ ನಿಲ್ಲುವುದಿಲ್ಲ. ಸಿಲಿಂಡರನ್ನು ಮತ್ತೆ ಮತ್ತೆ ತುಂಬಿಸುವಷ್ಟು ಅನುಕೂಲವೂ ಇರಬೇಕು.

2009ರ ನವೆಂಬರಿನಲ್ಲಿ ಹೊರಡಿಸಿದ ರಾಷ್ಟ್ರೀಯ ಮಾನದಂಡಗಳ ಪ್ರಕಾರ ಪಿಎಂ 2.5 ಕಣಗಳ ವಾರ್ಷಿಕ ಸರಾಸರಿ ಪ್ರತಿ ಘನಮೀಟರ್ ಗಾಳಿಗೆ 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿ ಕೇವಲ 5 ಮೈಕ್ರೋಗ್ರಾಂ. ಗುರಿ ಎಷ್ಟು ದೂರವಿದೆಯೆಂಬುದನ್ನು ಈ ಎರಡು ಅಂಕಿಗಳೇ ತಿಳಿಸುತ್ತವೆ. 2019ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದಲ್ಲಿ ದೆಹಲಿ, ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈ ಸೇರಿದಂತೆ ಸುಮಾರು 130 ನಗರಗಳನ್ನು ಗುರುತಿಸಲಾಯಿತು. ಕರ್ನಾಟಕದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ಕಲಬುರಗಿ ಈ ಪಟ್ಟಿಯಲ್ಲಿವೆ.

ನಾಗರಿಕರ ಪಾತ್ರ

2015ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ವಾಯುಗುಣಮಟ್ಟ ಸೂಚ್ಯಂಕವು ಗಾಳಿಯ ಸ್ಥಿತಿಯನ್ನು ಒಂದೇ ಅಂಕಿಯಲ್ಲಿ ತಿಳಿಸುತ್ತದೆ. 0ಯಿಂದ 50ರವರೆಗೆ ಉತ್ತಮ, 100ರವರೆಗೆ ತೃಪ್ತಿಕರ, 200ರವರೆಗೆ ಮಧ್ಯಮ, 300ರವರೆಗೆ ಕಳಪೆ, 400ರವರೆಗೆ ಅತಿ ಕಳಪೆ, ಅದಕ್ಕೂ ಮೇಲೆ ಗಂಭೀರ. ಅಳೆದ ಮಾಲಿನ್ಯಕಾರಕಗಳಲ್ಲಿ ಯಾವುದು ಅತಿ ಕೆಟ್ಟ ಮಟ್ಟದಲ್ಲಿದೆಯೋ ಅದರ ಅಂಕಿಯೇ ಆ ದಿನದ ಸೂಚ್ಯಂಕವಾಗುತ್ತದೆ. ಸೂಚ್ಯಂಕವು ಕಳಪೆ ಮಟ್ಟವನ್ನು ದಾಟಿದ ದಿನಗಳಲ್ಲಿ ಮಕ್ಕಳು, ವೃದ್ಧರು, ಗರ್ಭಿಣಿಯರು, ಹೃದಯ ಮತ್ತು ಶ್ವಾಸಕೋಶದ ರೋಗಿಗಳು ಹೊರಗಿನ ಶ್ರಮದ ಕೆಲಸವನ್ನು, ಮುಖ್ಯವಾಗಿ ಮುಂಜಾನೆಯ ವ್ಯಾಯಾಮವನ್ನು, ತಪ್ಪಿಸುವುದು ಒಳಿತು. ಆದರೆ ರಸ್ತೆಯಲ್ಲಿಯೇ ದುಡಿಯುವ ಸಂಚಾರಿ ಪೊಲೀಸ್, ಆಟೋ ಚಾಲಕ, ತಳ್ಳುಗಾಡಿಯ ವ್ಯಾಪಾರಿ ಮತ್ತು ಕಟ್ಟಡ ಕಾರ್ಮಿಕರಿಗೆ ಇಂತಹ ಎಚ್ಚರಿಕೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಅವರಿಗೆ ರಕ್ಷಣೆ ದೊರೆಯುವುದು ಗಾಳಿ ಶುದ್ಧವಾದಾಗ ಮಾತ್ರ.

ಇದಕ್ಕಾಗಿ ಪ್ರತಿಯೊಬ್ಬರೂ ಕೆಲವು ಕ್ರಮಗಳನ್ನು ಅನುಸರಿಸಬಹುದು. ಒಣ ಎಲೆ, ಪ್ಲಾಸ್ಟಿಕ್, ಟೈರುಗಳನ್ನು ಸುಡಬಾರದು. ಭೋಗಿಯ ಬೆಳಗಿನ ಜಾವ ಚೆನ್ನೈಯಲ್ಲಿ ಕವಿಯುವ ಹೊಗೆಗೆ ಇಂತಹ ವಸ್ತುಗಳನ್ನು ಸುಡುವುದೇ ಕಾರಣ. ಎಲೆಗಳನ್ನು ಗುಂಡಿಯಲ್ಲಿ ಹಾಕಿ ಗೊಬ್ಬರ ಮಾಡಬಹುದು. ವಾಹನದ ಹೊಗೆಯನ್ನು ಕಾಲಕಾಲಕ್ಕೆ ತಪಾಸಣೆ ಮಾಡಿಸಬೇಕು. ಸಂಚಾರ ದೀಪದ ಬಳಿ ಎಂಜಿನ್ ನಿಲ್ಲಿಸಬೇಕು. ಸಾಧ್ಯವಿದ್ದಲ್ಲಿ ಬಸ್ಸು, ರೈಲುಗಳನ್ನು ಬಳಸಬೇಕು. ಮನೆ ಕಟ್ಟಿಸುವವರು ಮರಳು, ಸಿಮೆಂಟುಗಳನ್ನು ಮುಚ್ಚಿಡಬೇಕು. ಕಸ ಸುಡುವುದನ್ನಾಗಲಿ ಕಾರ್ಖಾನೆಯ ಮಿತಿಮೀರಿದ ಹೊಗೆಯನ್ನಾಗಲಿ ಕಂಡರೆ ನಗರಪಾಲಿಕೆಗೆ ಅಥವಾ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ನೀಡಬೇಕು. ಸಂವಿಧಾನದ 51ಎ ಅನುಚ್ಛೇದವು ನೈಸರ್ಗಿಕ ಪರಿಸರವನ್ನು ರಕ್ಷಿಸಿ ಉತ್ತಮಪಡಿಸುವುದನ್ನು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಾರಿದೆ. ಪರಿಸರವನ್ನು ಕಾಪಾಡಲು ರಾಜ್ಯವೂ ಪ್ರಯತ್ನಿಸಬೇಕೆಂದು 48ಎ ಅನುಚ್ಛೇದವು ನಿರ್ದೇಶಿಸಿದೆ. ಒಂದನ್ನು ಬಿಟ್ಟು ಇನ್ನೊಂದು ಸಾಗದು.

2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಸಾಂಕ್ರಾಮಿಕದಿಂದಾಗಿ ದೇಶದ ವಾಹನಗಳೂ ಕಾರ್ಖಾನೆಗಳೂ ನಿಂತಾಗ, ಕೆಲವೇ ದಿನಗಳಲ್ಲಿ ನಗರಗಳ ಆಕಾಶ ತಿಳಿಯಾಯಿತು. ಪಂಜಾಬಿನ ಜಲಂಧರದ ಮನೆಗಳ ಮಾಳಿಗೆಯಿಂದ ದೂರದ ಧೌಲಾಧರ ಪರ್ವತಶ್ರೇಣಿ ಕಾಣಿಸಿತು. ಅದು ಜನರು ಅಪಾರ ಕಷ್ಟ ಅನುಭವಿಸಿದ ಕಾಲ. ದುಡಿಮೆಯನ್ನು ನಿಲ್ಲಿಸಿ ಗಾಳಿಯನ್ನು ಶುದ್ಧಗೊಳಿಸುವುದು ಯಾರೂ ಬಯಸುವ ಮಾರ್ಗವಲ್ಲ. ಆದರೆ ಮೂಲವನ್ನು ತಡೆದರೆ ಗಾಳಿ ತಾನಾಗಿಯೇ ಬೇಗನೆ ಚೇತರಿಸಿಕೊಳ್ಳುತ್ತದೆಂಬುದು ಆಗ ಎಲ್ಲರ ಕಣ್ಣಿಗೂ ಬಿದ್ದಿತು. ಮಣ್ಣು, ಸರೋವರ ಮತ್ತು ಶಿಲೆಗಳು ಅಷ್ಟು ಬೇಗ ಚೇತರಿಸಿಕೊಳ್ಳಲಾರವು. ಬೆಳೆಯುವ ವಯಸ್ಸಿನಲ್ಲಿ ಕುಗ್ಗಿದ ಮಗುವಿನ ಶ್ವಾಸಕೋಶವಂತೂ ಪೂರ್ಣವಾಗಿ ಚೇತರಿಸಿಕೊಳ್ಳುವುದು ಕಷ್ಟ. ಆದುದರಿಂದ ಹೊಗೆ ಕಣ್ಮರೆಯಾಗುವವರೆಗೆ ಕಾಯದೆ, ಅದು ಹುಟ್ಟುವ ಮೊದಲೇ ತಡೆಯುವುದು ವಿವೇಕದ ಮಾರ್ಗ.